ಶ್ರೇಷ್ಠ ಪ್ರಾಧ್ಯಾಪಕ ಪ್ರಶಸ್ತಿ: ಯಾರಿಗೆ, ಏಕೆ, ಹೇಗೆ?



1921ನೆಯ ಇಸವಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೂರು ವರ್ಷ ತತ್ತ್ವಶಾಸ್ತ್ರ ಬೋಧಿಸಿದ್ದ ಯುವ ಪ್ರಾಧ್ಯಾಪಕರೊಬ್ಬರಿಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಕರೆ ಬಂದಿತ್ತು. ಅವರು ಊರು ಬಿಡುವ ದಿನ ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಅಲಂಕರಿಸಿದರು. ಕುದುರೆಗಳ ಬದಲು ತಾವೇ ಅದನ್ನು ಎಳೆದುಕೊಂಡು ರೈಲು ನಿಲ್ದಾಣದವರೆಗೆ ಹೋದರು. ಆ ಪ್ರಾಧ್ಯಾಪಕರು ಸರ್ವೇಪಲ್ಲಿ ರಾಧಾಕೃಷ್ಣನ್. ಮುಂದೆ 1962ರಲ್ಲಿ ಅವರು ರಾಷ್ಟ್ರಪತಿಯಾದಾಗ, ಅವರ ಜನ್ಮದಿನವಾದ ಸೆಪ್ಟೆಂಬರ್ 5ನ್ನು ಶಿಕ್ಷಕರ ದಿನವಾಗಿ ಆಚರಿಸುವ ಪದ್ಧತಿ ಆರಂಭವಾಯಿತು.

ಮೈಸೂರಿನ ಆ ಗೌರವಕ್ಕೆ ಅರ್ಜಿ ನಮೂನೆ ಇರಲಿಲ್ಲ, ಆಯ್ಕೆ ಸಮಿತಿ ಇರಲಿಲ್ಲ, ನಗದು ಬಹುಮಾನವೂ ಇರಲಿಲ್ಲ. ಆದರೂ ಅದರ ಅರ್ಥ ನೋಡಿದವರಿಗೆಲ್ಲ ತಿಳಿಯಿತು. ನೂರಾರು ಅಧ್ಯಾಪಕರು, ಸಾವಿರಾರು ವಿದ್ಯಾರ್ಥಿಗಳು ಇರುವ ಇಂದಿನ ವಿಶ್ವವಿದ್ಯಾನಿಲಯದಲ್ಲಿ ಇಂಥ ಗೌರವ ತಾನಾಗಿಯೇ ಮೂಡಿಬರಲಿ ಎಂದು ಕಾಯುತ್ತ ಕೂರುವಂತಿಲ್ಲ. ಆದ್ದರಿಂದಲೇ ಪ್ರಪಂಚದ ಬಹುತೇಕ ವಿಶ್ವವಿದ್ಯಾನಿಲಯಗಳು ಶ್ರೇಷ್ಠ ಪ್ರಾಧ್ಯಾಪಕರಿಗೆ ಪ್ರಶಸ್ತಿಗಳನ್ನು ಇಟ್ಟಿವೆ. ಈ ಪ್ರಶಸ್ತಿಗಳು ಏನನ್ನು ಅಳೆಯುತ್ತವೆ? ಆಯ್ಕೆ ಹೇಗೆ ನಡೆಯುತ್ತದೆ? ಅದರಲ್ಲಿ ವಿದ್ಯಾರ್ಥಿಗಳಾದ ನಿಮ್ಮ ಪಾತ್ರವೇನು? ಈ ಲೇಖನದಲ್ಲಿ ಇವುಗಳನ್ನು ವಿಚಾರ ಮಾಡೋಣ.

ಗೌರವಗಳಲ್ಲಿ ಹಲವು ಬಗೆ

ಪ್ರಾಧ್ಯಾಪಕರ ಹೆಸರಿನ ಜೊತೆಗೆ ಬರುವ ಬಿರುದುಗಳನ್ನು ನೀವು ಆಹ್ವಾನ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅವೆಲ್ಲ ಒಂದೇ ಅಲ್ಲ.

ಮೊದಲನೆಯದು 'ಪೀಠ'. ಒಂದು ವಿಷಯದ ಅಧ್ಯಯನಕ್ಕಾಗಿ ದಾನಿಗಳೋ ಸರ್ಕಾರವೋ ನಿಧಿ ಇಟ್ಟು ಸ್ಥಾಪಿಸುವ ಪ್ರಾಧ್ಯಾಪಕ ಸ್ಥಾನ ಇದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಹೆನ್ರಿ ಲ್ಯೂಕಸ್ ಎಂಬುವರ ಹೆಸರಿನಲ್ಲಿ 1663ರಲ್ಲಿ ಆರಂಭವಾದ ಗಣಿತ ಪೀಠ ಬಹು ಪ್ರಸಿದ್ಧ. ಐಸಾಕ್ ನ್ಯೂಟನ್ 1669ರಲ್ಲಿ ಆ ಪೀಠಕ್ಕೆ ಬಂದಾಗ ಅವರಿಗೆ 26 ವರ್ಷ.

ಎರಡನೆಯದು 'ಎಮೆರಿಟಸ್' ಎಂಬ ಲ್ಯಾಟಿನ್ ಮೂಲದ ಬಿರುದು. ಸೇವೆಯನ್ನು ಗೌರವಯುತವಾಗಿ ಪೂರೈಸಿ ನಿವೃತ್ತರಾದವರು ವಿಶ್ವವಿದ್ಯಾನಿಲಯದೊಂದಿಗೆ ವಿದ್ವತ್ ಸಂಬಂಧವನ್ನು ಮುಂದುವರಿಸಿಕೊಂಡು ಹೋಗಲು ಇದು ಅವಕಾಶ ಕೊಡುತ್ತದೆ.

ಮೂರನೆಯದು ದೇಶವೇ ಕೊಡುವ ಗೌರವ. ಭಾರತ ಸರ್ಕಾರ 1949ರಲ್ಲಿ 'ರಾಷ್ಟ್ರೀಯ ಪ್ರಾಧ್ಯಾಪಕ' ಎಂಬ ಗೌರವವನ್ನು ಆರಂಭಿಸಿತು. ಅದನ್ನು ಮೊದಲು ಪಡೆದವರು ಬೆಂಗಳೂರನ್ನು ಕರ್ಮಭೂಮಿ ಮಾಡಿಕೊಂಡಿದ್ದ ಸರ್ ಸಿ.ವಿ. ರಾಮನ್. ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್, ಧರ್ಮಶಾಸ್ತ್ರದ ಇತಿಹಾಸ ಬರೆದ ಪಿ.ವಿ. ಕಾಣೆ, ಪಕ್ಷಿತಜ್ಞ ಸಲೀಂ ಅಲಿ ಅನಂತರ ಇದೇ ಗೌರವಕ್ಕೆ ಪಾತ್ರರಾದರು. ಸಲೀಂ ಅಲಿಯವರು ವಿಶ್ವವಿದ್ಯಾನಿಲಯದ ಪದವಿಯನ್ನೇ ಪಡೆದವರಲ್ಲ. ಈ ಗೌರವ ಸಲ್ಲುವುದು ಜೀವಮಾನದ ವಿದ್ವತ್ತಿಗೆ, ತರಗತಿಯ ಪಾಠಕ್ಕೇ ಎಂದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನಾಲ್ಕನೆಯದೇ ನಮ್ಮ ಇಂದಿನ ಮುಖ್ಯ ವಿಷಯ: ಪಾಠ ಹೇಳುವ ಕೆಲಸಕ್ಕಾಗಿಯೇ ಕೊಡುವ ಪ್ರಶಸ್ತಿ.

ದೊಡ್ಡ ವಿದ್ವಾಂಸರೆಲ್ಲ ಒಳ್ಳೆಯ ಬೋಧಕರೇ?

ಬೋಧನೆಗೆ ಬೇರೆಯೇ ಪ್ರಶಸ್ತಿ ಏಕೆ ಬೇಕು ಎಂದು ನೀವು ಕೇಳಬಹುದು. ವಿದ್ಯೆಯಲ್ಲಿ ದೊಡ್ಡವರಾದವರು ಪಾಠದಲ್ಲಿಯೂ ದೊಡ್ಡವರಾಗಿರುವುದಿಲ್ಲವೇ?

ನ್ಯೂಟನ್ ಅವರ ಉದಾಹರಣೆಯನ್ನೇ ನೋಡಿ. ಅವರ ಉಪನ್ಯಾಸಗಳಿಗೆ ಬರುತ್ತಿದ್ದವರು ಬಹಳ ಕಡಿಮೆ, ಬಂದವರಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದವರು ಇನ್ನೂ ಕಡಿಮೆ ಎಂದು ಅವರ ಸಹಾಯಕರಾಗಿದ್ದವರು ಬರೆದಿಟ್ಟಿದ್ದಾರೆ. ಕೇಳುವವರಿಲ್ಲದೆ ಅವರು ಗೋಡೆಗಳಿಗೆ ಪಾಠ ಓದಿದಂತಾಗುತ್ತಿತ್ತಂತೆ. ಇದರಿಂದ ನ್ಯೂಟನ್ನರ ಹಿರಿಮೆ ಕುಂದುವುದಿಲ್ಲ. ಹೊಸದನ್ನು ಕಂಡುಹಿಡಿಯುವ ಶಕ್ತಿ, ಇನ್ನೊಬ್ಬರಿಗೆ ಕಾಣಿಸಿಕೊಡುವ ಶಕ್ತಿ ಎರಡೂ ಒಬ್ಬರಲ್ಲೇ ಇರಬೇಕೆಂಬ ನಿಯಮವಿಲ್ಲ, ಅಷ್ಟೆ.

ಎರಡೂ ಒಟ್ಟಿಗೆ ಸೇರಿದ ಉದಾಹರಣೆಗಳೂ ಇವೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1820ರಲ್ಲಿ ಉಪನ್ಯಾಸ ಕೊಡುತ್ತಿದ್ದ ವೇಳೆಯಲ್ಲಿಯೇ, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಓಲಾಡಿದ್ದನ್ನು ಗಮನಿಸಿದರು. ವಿದ್ಯುತ್ತಿಗೂ ಕಾಂತತ್ವಕ್ಕೂ ಇರುವ ನಂಟು ಹೀಗೆ ಬೆಳಕಿಗೆ ಬಂದಿತು. ಅಮೆರಿಕದ ಭೌತಶಾಸ್ತ್ರ ಅಧ್ಯಾಪಕರ ಸಂಘ 1936ರಿಂದ ಬೋಧನೆಯ ಸೇವೆಗಾಗಿ ಕೊಡುತ್ತಿರುವ ಪದಕಕ್ಕೆ ಅವರ ಹೆಸರನ್ನೇ ಇಟ್ಟಿದೆ.

1972ರಲ್ಲಿ ಈ ಪದಕ ಪಡೆದವರು ರಿಚರ್ಡ್ ಫೈನ್‌ಮನ್. ನೊಬೆಲ್ ಪುರಸ್ಕೃತರಾದ ಅವರು 1961ರಿಂದ 1963ರವರೆಗೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಪ್ರಾರಂಭಿಕ ಭೌತಶಾಸ್ತ್ರವನ್ನು ಬೋಧಿಸಿದರು. ಆ ಉಪನ್ಯಾಸಗಳು ಮೂರು ಸಂಪುಟಗಳ ಪುಸ್ತಕವಾಗಿ ಲೋಕವಿಖ್ಯಾತವಾದವು. ಆದರೆ ಪುಸ್ತಕದ ಮುನ್ನುಡಿಯಲ್ಲಿ ಫೈನ್‌ಮನ್, ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದ ಉತ್ತರಗಳನ್ನು ನೋಡಿದರೆ ತಮ್ಮ ಪ್ರಯತ್ನ ಪೂರ್ಣ ಸಫಲವಾಯಿತೆಂದು ಅನ್ನಿಸುವುದಿಲ್ಲ ಎಂಬ ಅಭಿಪ್ರಾಯ ಕೊಟ್ಟಿದ್ದಾರೆ. ಗುರು ಮತ್ತು ಶಿಷ್ಯ ಎದುರುಬದುರು ಕುಳಿತು ವಿಚಾರ ಮಾಡುವುದಕ್ಕಿಂತ ಮಿಗಿಲಾದ ಬೋಧನೆ ಇಲ್ಲ ಎಂಬುದು ಅವರ ನಿಲುವಾಗಿತ್ತು. ಲೋಕವೇ ಮೆಚ್ಚಿದ ಉಪನ್ಯಾಸಕ್ಕೆ ಅದನ್ನು ಕೊಟ್ಟವರೇ ಹಾಕಿದ ಅಳತೆಗೋಲು ಎಂಥದು ನೋಡಿ: 'ನಾನು ಹೇಗೆ ಹೇಳಿದೆ' ಎಂಬುದಲ್ಲ, 'ಅವರು ಏನು ಕಲಿತರು' ಎಂಬುದು.

ಬೋಧನೆಗೇ ಮೀಸಲಾದ ಪ್ರಶಸ್ತಿಗಳು

ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದ ಹೆಸರು ಕನ್ನಡಿಗರಿಗೆ ಪರಿಚಿತ. ನಮ್ಮ ಎ.ಕೆ. ರಾಮಾನುಜನ್ ದೀರ್ಘಕಾಲ ಅಧ್ಯಾಪಕರಾಗಿದ್ದುದು ಅಲ್ಲಿಯೇ. ಆ ವಿಶ್ವವಿದ್ಯಾನಿಲಯದಲ್ಲಿ 1938ರಲ್ಲಿ ಕ್ವಾಂಟ್ರೆಲ್ ಪ್ರಶಸ್ತಿ ಆರಂಭವಾಯಿತು. ಪದವಿ ತರಗತಿಗಳ ಬೋಧನೆಗೆ ಅಮೆರಿಕದಲ್ಲಿ ಕೊಡುವ ಪ್ರಶಸ್ತಿಗಳಲ್ಲಿ ಇದೇ ಅತಿ ಹಳೆಯದೆಂದು ಹೇಳುತ್ತಾರೆ. ವಿದ್ಯಾರ್ಥಿಗಳು ಬರೆಯುವ ಶಿಫಾರಸು ಪತ್ರಗಳಿಗೆ ಅಲ್ಲಿ ಮುಖ್ಯ ಸ್ಥಾನವಿದೆ. ಕೆನಡಾದಲ್ಲಿ 1986ರಿಂದ ಇಡೀ ದೇಶದ ವಿಶ್ವವಿದ್ಯಾನಿಲಯ ಬೋಧಕರಿಗಾಗಿ ರಾಷ್ಟ್ರೀಯ ಫೆಲೋಶಿಪ್ ಇದೆ.

ನಮ್ಮ ದೇಶದಲ್ಲಿ ಶಿಕ್ಷಕರಿಗೆ ರಾಷ್ಟ್ರ ಪ್ರಶಸ್ತಿ ಕೊಡುವ ಪದ್ಧತಿ 1958ರಲ್ಲಿ ಪ್ರಾರಂಭವಾಯಿತು. ಬಹುಕಾಲ ಅದು ಶಾಲಾ ಶಿಕ್ಷಕರ ಪ್ರಶಸ್ತಿಯಾಗಿಯೇ ಉಳಿದಿತ್ತು. 2023ರಲ್ಲಿ ಅದನ್ನು ವಿಸ್ತರಿಸಿ, 50 ಮಂದಿ ಶಾಲಾ ಶಿಕ್ಷಕರೊಂದಿಗೆ ಉನ್ನತ ಶಿಕ್ಷಣ ಕ್ಷೇತ್ರದ 13 ಮಂದಿಯನ್ನೂ ಕೌಶಲ ತರಬೇತಿ ಕ್ಷೇತ್ರದ 12 ಮಂದಿಯನ್ನೂ ಗೌರವಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸಂಶೋಧನೆಗೆ ಹೆಸರಾದುದು. ಅಲ್ಲಿಯೂ ಕಿರಿಯ ಪ್ರಾಧ್ಯಾಪಕರ ಬೋಧನೆಗಾಗಿ ಒಂದು ಪ್ರಶಸ್ತಿ ಇದ್ದು, ಅಲ್ಲಿಯೇ ಗಣಕ ವಿಜ್ಞಾನ ಬೋಧಿಸಿದ ಪ್ರೊ. ಪ್ರೀತಿ ಶಂಕರ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ.

ಆಯ್ಕೆ ನಡೆಯುವ ಬಗೆ

ವಿವರಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದರೂ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಹೆಸರುಗಳನ್ನು ಸೂಚಿಸಬೇಕು. ಇದನ್ನು ವಿದ್ಯಾರ್ಥಿಗಳು, ಸಹೋದ್ಯೋಗಿಗಳು ಅಥವಾ ವಿಭಾಗದ ಮುಖ್ಯಸ್ಥರು ಮಾಡಬಹುದು. ಕೆಲವು ಕಡೆ ಅಧ್ಯಾಪಕರೇ ಅರ್ಜಿ ಹಾಕಬೇಕಾಗುತ್ತದೆ. ತಮ್ಮನ್ನು ತಾವೇ ಹೊಗಳಿಕೊಳ್ಳಲು ಸಂಕೋಚಪಡುವ ಒಳ್ಳೆಯ ಮೇಷ್ಟರುಗಳು ಇಲ್ಲಿಯೇ ಹಿಂದೆ ಸರಿದುಬಿಡುತ್ತಾರೆ.

ಎರಡನೆಯ ಹಂತದಲ್ಲಿ ಅಧ್ಯಾಪಕರ ಬೋಧನೆಗೆ ಸಂಬಂಧಿಸಿದ ಒಂದು ಕಡತ ಸಿದ್ಧವಾಗುತ್ತದೆ. ಅವರು ರೂಪಿಸಿದ ಪಾಠಯೋಜನೆ, ತೆಗೆದ ಪ್ರಶ್ನೆಪತ್ರಿಕೆಗಳು, ವಿದ್ಯಾರ್ಥಿಗಳ ಬರಹದ ಮೇಲೆ ಮಾಡಿದ ತಿದ್ದುಪಡಿಗಳು, ವಿದ್ಯಾರ್ಥಿಗಳು ಮಾಡಿದ ಪ್ರಾಜೆಕ್ಟುಗಳು ಅದರಲ್ಲಿ ಇರುತ್ತವೆ. ಪ್ರಶ್ನೆಪತ್ರಿಕೆಯೊಂದನ್ನು ನೋಡಿದರೆ ಅಧ್ಯಾಪಕರ ಮನೋಧರ್ಮ ಗೊತ್ತಾಗುತ್ತದೆ. ನೋಟ್ಸನ್ನು ಬಾಯಿಪಾಠ ಮಾಡಿದವರಿಗೆ ಸಲೀಸಾಗುವ ಪ್ರಶ್ನೆಗಳೇ, ಅಥವಾ ಕಲಿತದ್ದನ್ನು ಹೊಸ ಸಂದರ್ಭಕ್ಕೆ ಅನ್ವಯಿಸಬೇಕಾದ ಪ್ರಶ್ನೆಗಳೇ ಎಂದು ಅನುಭವಸ್ಥರು ಕೂಡಲೇ ಗುರುತಿಸುತ್ತಾರೆ.

ಮೂರನೆಯದಾಗಿ ಸಹೋದ್ಯೋಗಿಗಳು ತರಗತಿಯಲ್ಲಿ ಕುಳಿತು ಪಾಠ ಕೇಳಿ ವರದಿ ಕೊಡಬಹುದು. ನಾಲ್ಕನೆಯದು ವಿದ್ಯಾರ್ಥಿಗಳು ಅವಧಿಯ ಕೊನೆಯಲ್ಲಿ ತುಂಬಿಕೊಡುವ ಅಭಿಪ್ರಾಯ ಪತ್ರ. ಕಾಲೇಜುಗಳ ಗುಣಮಟ್ಟ ಪರಿಶೀಲಿಸುವ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್ ಸಂಸ್ಥೆ 2017ರ ತನ್ನ ಪರಿಷ್ಕೃತ ಕ್ರಮದಲ್ಲಿ ವಿದ್ಯಾರ್ಥಿಗಳ ಸಮೀಕ್ಷೆಯನ್ನೂ ಸೇರಿಸಿತು. ಹೀಗಾಗಿ ನಿಮ್ಮಲ್ಲಿ ಅನೇಕರು ಇಂಥ ಪ್ರಶ್ನಾವಳಿಗೆ ಉತ್ತರ ಕೊಟ್ಟೇ ಇರುತ್ತೀರಿ.

ವಿದ್ಯಾರ್ಥಿಗಳ ಮಾತು ಎಷ್ಟು ಗಟ್ಟಿ?

ಪಾಠ ಕೇಳಿದವರು ವಿದ್ಯಾರ್ಥಿಗಳು. ಆದ್ದರಿಂದ ಅವರ ತೀರ್ಪೇ ಅಂತಿಮ ಎಂದು ಬಿಡಬಹುದಲ್ಲವೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ವಿಷಯದಲ್ಲಿ ನಡೆದ ಮೂರು ಪ್ರಯೋಗಗಳನ್ನು ಗಮನಿಸಿ.

ಅಮೆರಿಕದಲ್ಲಿ ಮೂವರು ಸಂಶೋಧಕರು ಒಬ್ಬ ವೃತ್ತಿನಟನನ್ನು 'ಡಾಕ್ಟರ್ ಫಾಕ್ಸ್' ಎಂಬ ವಿದ್ವಾಂಸನಂತೆ ವೇದಿಕೆಗೆ ಕರೆತಂದರು. ಅವನಿಗೆ ವಿಷಯದ ಗಂಧವೂ ಇರಲಿಲ್ಲ. ಹಾಸ್ಯ, ಆತ್ಮವಿಶ್ವಾಸ, ಹಿತವಾದ ಮಾತು ಮಾತ್ರ ಇದ್ದವು. ಕೇಳಿದವರು ಮನೋವೈದ್ಯರು, ಶಿಕ್ಷಣ ಕ್ಷೇತ್ರದವರು. ಆದರೂ ಅವರಲ್ಲಿ ಬಹುಮಂದಿ ಉಪನ್ಯಾಸ ಚೆನ್ನಾಗಿತ್ತು ಎಂದೇ ಬರೆದುಕೊಟ್ಟರು. 1973ರಲ್ಲಿ ಪ್ರಕಟವಾದ ಈ ವರದಿ, ಮಾತಿನ ಮೋಡಿಗೆ ಓದಿದವರೂ ಮರುಳಾಗಬಹುದು ಎಂದು ತೋರಿಸಿತು.

ಎರಡನೆಯದು 2010ರಲ್ಲಿ ಪ್ರಕಟವಾದ ಅಧ್ಯಯನ. ಅಮೆರಿಕದ ವಾಯುಸೇನಾ ಅಕಾಡೆಮಿಯಲ್ಲಿ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕರು ಎಂಬುದು ಚೀಟಿ ಎತ್ತಿದಂತೆ ನಿಗದಿಯಾಗುತ್ತದೆ. ಹಾಗಾಗಿ ಅಧ್ಯಾಪಕರನ್ನು ಹೋಲಿಸಿ ನೋಡಲು ಅದು ತಕ್ಕ ಸ್ಥಳ. ಸಂಶೋಧಕರು 10 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿದರು. ಮೊದಲ ಹಂತದ ಕಲನಶಾಸ್ತ್ರದಲ್ಲಿ ಅನುಭವ ಕಡಿಮೆ ಇದ್ದ ಅಧ್ಯಾಪಕರ ವಿದ್ಯಾರ್ಥಿಗಳು ಆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದು, ಅಧ್ಯಾಪಕರಿಗೂ ಒಳ್ಳೆಯ ಅಭಿಪ್ರಾಯ ಬರೆದಿದ್ದರು. ಆದರೆ ಮುಂದಿನ ಹಂತದ ಗಣಿತದಲ್ಲಿ ಚೆನ್ನಾಗಿ ಮಾಡಿದವರು ಅನುಭವಿ ಅಧ್ಯಾಪಕರ ಕೈಯಲ್ಲಿ ಕಲಿತವರು. ಪರೀಕ್ಷೆಗಷ್ಟೇ ಸಿದ್ಧಪಡಿಸಿದ ಪಾಠ ಪರೀಕ್ಷೆಯೊಂದಿಗೆ ಮುಗಿದಿತ್ತು. ಬೇರಿಗೆ ನೀರೆರೆದ ಪಾಠ ಮುಂದಿನ ವರ್ಷ ಫಲ ಕೊಟ್ಟಿತ್ತು.

ಮೂರನೆಯದು ಅಮೆರಿಕದ ವಿಶ್ವವಿದ್ಯಾನಿಲಯವೊಂದರ ದೂರಶಿಕ್ಷಣ ತರಗತಿಯಲ್ಲಿ ನಡೆದ, 2015ರ ಒಂದು ಚಿಕ್ಕ ಪ್ರಯೋಗ. ಗಣಕದ ಮೂಲಕ ಪಾಠ ನಡೆಯುತ್ತಿದ್ದುದರಿಂದ ವಿದ್ಯಾರ್ಥಿಗಳು ಬೋಧಕರ ಮುಖ ನೋಡುತ್ತಿರಲಿಲ್ಲ. ಒಬ್ಬ ಬೋಧಕ ಮತ್ತು ಒಬ್ಬ ಬೋಧಕಿ ತಲಾ ಎರಡು ಗುಂಪುಗಳಿಗೆ ಪಾಠ ಮಾಡಿದರು. ಒಂದು ಗುಂಪಿಗೆ ಸ್ವಂತ ಹೆಸರಿನಲ್ಲಿ, ಇನ್ನೊಂದಕ್ಕೆ ಪರಸ್ಪರರ ಹೆಸರಿನಲ್ಲಿ. ನಿಜವಾಗಿ ಪಾಠ ಮಾಡಿದವರು ಯಾರೇ ಇರಲಿ, ಹೆಣ್ಣಿನ ಹೆಸರಿದ್ದಾಗ ಅಂಕ ಕಡಿಮೆ ಬಂದಿತು. ಕೆಲಸವನ್ನು ಅಳೆಯುತ್ತಿದ್ದೇವೆ ಎಂದುಕೊಂಡವರು ತಮಗೆ ಅರಿವಿಲ್ಲದೆಯೇ ಹೆಸರನ್ನು ಅಳೆದಿದ್ದರು.

ಹಾಗಾದರೆ ವಿದ್ಯಾರ್ಥಿಗಳ ಅಭಿಪ್ರಾಯ ಬೇಡವೇ? ಖಂಡಿತ ಬೇಕು. ಅಧ್ಯಾಪಕರು ಸಮಯಕ್ಕೆ ಬರುತ್ತಾರೆಯೇ, ಪ್ರಶ್ನೆ ಕೇಳಲು ಬಿಡುತ್ತಾರೆಯೇ, ತಿದ್ದಿದ ಉತ್ತರ ಪತ್ರಿಕೆ ಹಿಂತಿರುಗಿಸುತ್ತಾರೆಯೇ ಎಂಬುದನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ವಿಷಯಜ್ಞಾನ ಹೊಸತಾಗಿದೆಯೇ, ಪಾಠದ ಆಳ ಎಷ್ಟು ಎಂಬುದನ್ನು ಹೇಳಬೇಕಾದವರು ಸಹೋದ್ಯೋಗಿಗಳು. ಪಾಠ ಎಷ್ಟು ದಿನ ಉಳಿಯಿತು ಎಂದು ಹೇಳಬಲ್ಲವರು ನಾಲ್ಕೈದು ವರ್ಷದ ಹಿಂದೆ ಕಾಲೇಜು ಬಿಟ್ಟ ಹಳೆಯ ವಿದ್ಯಾರ್ಥಿಗಳು. ಈ ಮೂವರ ಮಾತನ್ನೂ ಕೂಡಿಸಿ ನೋಡುವ ಸಮಿತಿಯೇ ಸರಿಯಾದ ಸಮಿತಿ.

ಎಣಿಸಲು ಬರುವುದಷ್ಟೇ ಮುಖ್ಯವಾದಾಗ

ಇಷ್ಟು ಶ್ರಮಪಟ್ಟು ಆರಿಸುವುದರಿಂದ ಆಗುವ ಲಾಭವೇನು? ಒಂದು ಸಂಸ್ಥೆ ಯಾವುದನ್ನು ಗೌರವಿಸುತ್ತದೆಯೋ ಅದರ ಕಡೆಗೆ ಅಲ್ಲಿನವರ ಶ್ರಮ ಹರಿಯುತ್ತದೆ. ಸಂಶೋಧನ ಲೇಖನಗಳನ್ನು ಎಣಿಸುವುದು ಸುಲಭ: ಹತ್ತು, ಇಪ್ಪತ್ತು, ಐವತ್ತು. ಒಬ್ಬ ಹುಡುಗಿಯ ಮನಸ್ಸಿನಲ್ಲಿದ್ದ ಗಣಿತದ ಭಯ ಹೋಗಿದ್ದನ್ನು ಎಣಿಸುವುದು ಹೇಗೆ?

ವಿಶ್ವವಿದ್ಯಾನಿಲಯ ಅನುದಾನ ಆಯೋಗ 2010ರ ನಿಯಮಗಳಲ್ಲಿ ಅಧ್ಯಾಪಕರ ಬಡ್ತಿಗೆ ಅಂಕ ಲೆಕ್ಕ ಹಾಕುವ ಎ.ಪಿ.ಐ. ಪದ್ಧತಿಯನ್ನು ತಂದಿತು. ಬೋಧನೆಗೂ ಅದರಲ್ಲಿ ಅಂಕವಿತ್ತು. ಆದರೆ ಲೇಖನಗಳ ಅಂಕ ಗಳಿಸುವ ಓಟದಲ್ಲಿ, ಹಣ ಪಡೆದು ಏನನ್ನಾದರೂ ಅಚ್ಚುಹಾಕುವ ಹುಸಿ ನಿಯತಕಾಲಿಕೆಗಳಿಗೆ ಸುಗ್ಗಿಯಾಯಿತು. ಪದವಿ ತರಗತಿಗಳಿಗೆ ದಿನವಿಡೀ ಪಾಠ ಹೇಳುವ ಕಾಲೇಜು ಅಧ್ಯಾಪಕರ ಮೇಲಿನ ಈ ಹೊರೆಯನ್ನು 2018ರ ನಿಯಮಗಳಲ್ಲಿ ಇಳಿಸಲಾಯಿತು. ಅಮೆರಿಕದ ಶಿಕ್ಷಣ ಚಿಂತಕ ಅರ್ನೆಸ್ಟ್ ಬೋಯರ್ ಇದೇ ಪ್ರಶ್ನೆಯನ್ನು 1990ರಷ್ಟು ಹಿಂದೆಯೇ ಎತ್ತಿದ್ದರು. ಹೊಸದನ್ನು ಶೋಧಿಸುವುದು, ಬೇರೆ ಬೇರೆ ಶಾಸ್ತ್ರಗಳನ್ನು ಬೆಸೆಯುವುದು, ಜನಜೀವನಕ್ಕೆ ಅನ್ವಯಿಸುವುದು, ಬೋಧಿಸುವುದು ಈ ನಾಲ್ಕೂ ವಿದ್ವತ್ತೇ, ನಾಲ್ಕಕ್ಕೂ ಮನ್ನಣೆ ಸಿಗಬೇಕು ಎಂದು ಅವರು ವಾದಿಸಿದರು.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾರೆ. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಿಂದ ಬಂದು, ಇಂಗ್ಲಿಷ್ ಪಾಠದ ಎದುರು ಕಂಗಾಲಾದ ವಿದ್ಯಾರ್ಥಿಯ ಕೈಹಿಡಿದವರು ಅವರೇ ಆಗಿರಬಹುದು. ಕಾಯಂ ಹುದ್ದೆಯವರಿಗೆ ಮಾತ್ರ ಪ್ರಶಸ್ತಿ ಎಂಬ ನಿಯಮವಿರುವ ಕಡೆ ಇಂಥವರು ಬಾಗಿಲ ಹೊರಗೇ ಉಳಿಯುತ್ತಾರೆ. ಬೋಧನೆಯನ್ನು ಗೌರವಿಸುವ ಪ್ರಶಸ್ತಿ ನೋಡಬೇಕಾದುದು ಪಾಠವನ್ನು, ನೇಮಕಾತಿ ಆದೇಶವನ್ನಲ್ಲ.

ಕನ್ನಡಿಗರು ಗೌರವಿಸಿದ ಬಗೆ

ಪ್ರಶಸ್ತಿ ಪತ್ರಗಳು ಬರುವ ಮುಂಚಿನಿಂದಲೂ ನಮ್ಮಲ್ಲಿ ಗುರುವನ್ನು ಗೌರವಿಸುವ ಒಂದು ಚೆಲುವಾದ ದಾರಿ ಇದೆ. ಅದು ಅಭಿನಂದನ ಗ್ರಂಥ. ಶಿಷ್ಯರು, ಮಿತ್ರರು ತಮ್ಮ ಉತ್ತಮ ಲೇಖನಗಳನ್ನು ಒಟ್ಟುಗೂಡಿಸಿ ಗುರುವಿಗೆ ಅರ್ಪಿಸುತ್ತಾರೆ. 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಹೀಗೆ ಅರ್ಪಿತವಾದುದು 'ಸಂಭಾವನೆ'. ಎ.ಆರ್. ಕೃಷ್ಣಶಾಸ್ತ್ರಿಗಳಿಗೆ 'ಅಭಿವಂದನೆ', ಡಿ.ಎಲ್. ನರಸಿಂಹಾಚಾರ್ಯರಿಗೆ 'ಉಪಾಯನ' ಸಂದವು. ಗುರುವಿನಿಂದ ಕಲಿತ ವಿದ್ಯೆಯನ್ನೇ ಬೆಳೆಸಿ ಗುರುವಿಗೆ ಒಪ್ಪಿಸುವ ರೀತಿ ಇದು. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಆದರೂ ಅವರು ಕನ್ನಡದ ಕಿರಿಯ ಲೇಖಕರನ್ನು ಬೆಳೆಸಿದ ರೀತಿಗಾಗಿ ನಾಡು ಅವರನ್ನು 'ಕನ್ನಡದ ಕಣ್ವ' ಎಂದು ಕರೆಯಿತು.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಎಂ.ಎ. ತರಗತಿಯ ಮೊದಲ ತಂಡದಲ್ಲಿ ಓದಿದವರು ಕುವೆಂಪು. ಅವರ ಗುರುಗಳು ಟಿ.ಎಸ್. ವೆಂಕಣ್ಣಯ್ಯ. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ 'ಶ್ರೀ ರಾಮಾಯಣ ದರ್ಶನಂ' ಅಚ್ಚಾಗಿ ಹೊರಬರತೊಡಗಿದಾಗ ಕುವೆಂಪು ಅದನ್ನು ಅರ್ಪಿಸಿದ್ದು ತಮ್ಮ ಈ ಗುರುವಿಗೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಕೃತಿ ಅದೇ. ವೆಂಕಣ್ಣಯ್ಯನವರ ಬೋಧನೆಯನ್ನು ಯಾವ ಸಮಿತಿಯೂ ಅಳೆದು ಅಂಕ ಕೊಟ್ಟಿರಲಿಲ್ಲ. ಆದರೂ ಆ ಮಹಾಕಾವ್ಯವನ್ನು ತೆರೆದವರಿಗೆಲ್ಲ ಅವರ ಹೆಸರು ಇಂದಿಗೂ ಎದುರಾಗುತ್ತದೆ.

ನೀವು ಏನು ಮಾಡಬಹುದು?

ನಿಮ್ಮ ಕಾಲೇಜಿನಲ್ಲಿ ಅಭಿಪ್ರಾಯ ಪತ್ರ ಕೊಟ್ಟಾಗ ಎಲ್ಲಕ್ಕೂ ಒಂದೇ ಅಂಕ ಹಾಕಿ ಕೈತೊಳೆದುಕೊಳ್ಳಬೇಡಿ. 'ತುಂಬ ಒಳ್ಳೆಯವರು' ಎಂದು ಬರೆದರೆ ಸಮಿತಿಗೆ ಏನೂ ತಿಳಿಯದು. 'ನನ್ನ ಲೆಕ್ಕ ತಪ್ಪಿದಾಗ ಉತ್ತರ ಹೇಳಿಕೊಡದೆ, ಎಲ್ಲಿ ದಾರಿ ತಪ್ಪಿದೆ ಎಂದು ನನ್ನಿಂದಲೇ ಹುಡುಕಿಸಿದರು' ಎಂದು ಬರೆದರೆ ಒಂದು ಬೋಧನೆಯ ಚಿತ್ರವೇ ಕಣ್ಣಮುಂದೆ ನಿಲ್ಲುತ್ತದೆ.

ಬರೆಯುವ ಮುನ್ನ ನಿಮ್ಮನ್ನು ನೀವೇ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಈ ಪಾಠದ ನಂತರ ಪಠ್ಯದ ಹೊರಗಿನ ಪುಸ್ತಕ ಒಂದನ್ನಾದರೂ ನಾನಾಗಿ ತೆರೆದಿದ್ದೇನೆಯೇ? ಹಿಂದಿನ ಬೆಂಚಿನವರಿಗೂ ಪಾಠ ತಲುಪಿತೇ? ಅಂಕ ಧಾರಾಳವಾಗಿ ಕೊಟ್ಟರೆಂದು ಮೆಚ್ಚುತ್ತಿದ್ದೇನೆಯೇ, ಬಿಗಿ ಹಿಡಿದರೆಂದು ಮುನಿಸಿಕೊಂಡಿದ್ದೇನೆಯೇ? ಇದೇ ಕೆಲಸವನ್ನು ಬೇರೆ ಹೆಸರಿನವರು, ಬೇರೆ ಊರಿನವರು ಮಾಡಿದ್ದರೆ ಇದೇ ಅಭಿಪ್ರಾಯ ಬರೆಯುತ್ತಿದ್ದೆನೆ?

ಕಾಲೇಜು ಬಿಟ್ಟ ಮೇಲೂ ನಿಮ್ಮ ಕರ್ತವ್ಯ ಮುಗಿಯುವುದಿಲ್ಲ. ನಾಲ್ಕು ವರ್ಷದ ನಂತರ ಯಾವುದೋ ಪಾಠದ ಬೆಲೆ ನಿಮಗೆ ತಿಳಿದರೆ, ಅದನ್ನು ಕಲಿಸಿದವರಿಗೆ ಒಂದು ಪತ್ರ ಬರೆಯಿರಿ, ಅದರ ಪ್ರತಿಯನ್ನು ಪ್ರಾಂಶುಪಾಲರಿಗೂ ಕಳುಹಿಸಿ. ಪ್ರಶಸ್ತಿಗಾಗಿ ಅರ್ಜಿ ಹಾಕಲು ಸಂಕೋಚಪಡುವ ಅಧ್ಯಾಪಕರ ಕಡತದಲ್ಲಿ ಅಂಥ ಪತ್ರವೇ ಬಹು ದೊಡ್ಡ ಸಾಕ್ಷಿ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಒಳ್ಳೆಯ ಸಂಶೋಧಕರು ಮತ್ತು ಒಳ್ಳೆಯ ಬೋಧಕರಿಗೆ ಒಂದೇ ಪ್ರಶಸ್ತಿ ಸಾಕೇ, ಬೇರೆ ಬೇರೆ ಬೇಕೇ? ಕಾರಣ ಕೊಡಿ.

2. ಆಯ್ಕೆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿ ಇರಬೇಕೇ? ಇದ್ದರೆ ಈಗಿನ ವಿದ್ಯಾರ್ಥಿಯೋ, ಹಳೆಯ ವಿದ್ಯಾರ್ಥಿಯೋ?

3. ನಿಮ್ಮ ತರಗತಿಯ ಐದು ಮಂದಿ ಸೇರಿ, ಶ್ರೇಷ್ಠ ಬೋಧನೆಯನ್ನು ಗುರುತಿಸಲು ಆರು ಪ್ರಶ್ನೆಗಳ ಒಂದು ಅಭಿಪ್ರಾಯ ಪತ್ರವನ್ನು ಸಿದ್ಧಪಡಿಸಿ. ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಬರುವ ಪ್ರಶ್ನೆಗಳು ಅದರಲ್ಲಿ ಬೇಡ.